ಎಮ್ಮೆ ನುಂಗಿದ ಗಾಲಿ

ಹತ್ತಿಮತ್ತೂರು
ವಿಜಯದಶಮಿಯ ಮರುದಿನ, 1938

ನನ್ನ ಬಂಗಾರದಂಥ ಮೊಮ್ಮಗ ಮೌನೇಶನಿಗೆ ನಿನ್ನ ಆಯಿಯ ಆಶೀರ್ವಾದ.

ಮೈಯಲ್ಲಿ ಹೇಗಿದ್ದೀ? ಕೆಮ್ಮು ನಿಂತಿತೇ? ಮೋಟಾರಿನ ಕಾರಖಾನೆಯಲ್ಲಿ ಹಗಲೆಲ್ಲ ಎಣ್ಣೆಯಲ್ಲಿ ಕೈಯಾಡಿಸುವವನು ಉಣ್ಣುವ ಮುಂಚೆ ಕೈ ತೊಳೆಯುತ್ತೀಯೋ ಇಲ್ಲವೋ, ಆ ಮುಂಬಯಿಯಲ್ಲಿ ನಿನ್ನನ್ನು ಬೈಯುವವರು ಯಾರಿದ್ದಾರೆ? ನಿನ್ನ ಅವ್ವನ ಮೊಣಕಾಲು ನೋವು ಈಗ ಕಡಿಮೆ. ನನ್ನ ಹಲ್ಲು ಒಂದೊಂದೇ ಹೋಗುತ್ತಿವೆ, ನಾಲಿಗೆ ಮಾತ್ರ ಸವೆಯಲೊಲ್ಲದು ಎಂದು ಅವಳೇ ಹೇಳುತ್ತಾಳೆ. ಸೊಸೆಯ ಬಾಯಿಂದ ಇನ್ನೇನು ಬಂದೀತು.

ನೀನು ಕಳಿಸಿದ ಪೆಟ್ಟಿಗೆಯನ್ನು ಯಲವಿಗಿ ಸ್ಟೇಶನ್ನಿನಿಂದ ಬಸ್ಸು ಓಡಿಸುವ ಮಹಮ್ಮದಗೌಸ ತಂದುಕೊಟ್ಟ. ಹುಲ್ಲು ಸರಿಸಿದರೆ ಒಳಗೆ ನೀನು ಮಾಡಿದ ಪುಟ್ಟ ಮೋಟಾರು. ವಿಲಾಯತಿಯ ಓಟದ ಶರ್ಯತ್ತಿನ ಗಾಡಿಯನ್ನು ಚಿತ್ರದಲ್ಲಿ ನೋಡಿ ಅಡಿಗೆ ಇಂಚಿನಂತೆ ಮಾಡಿದ್ದೇನೆ ಎಂದು ಬರೆದಿದ್ದಿ. ಗಾಲಿ ಎಷ್ಟು ಎಂದು ಮಾತ್ರ ಬರೆಯಲಿಲ್ಲ, ಪುಣ್ಯಾತ್ಮಾ! ಎಂಜಿನ್ನೋ ಮೂತಿಯ ಹೊರಗೆ, ಮೂಗಿನ ಮೇಲೆ ಕುರು ಎದ್ದ ಹಾಗೆ. ಆದರೆ ಕೆಲಸ ನಾಜೂಕು. ಮುಚ್ಚಳಕ್ಕೆ ಎಳೆಯಷ್ಟು ಸಣ್ಣ ಚರ್ಮದ ಪಟ್ಟಿ, ಅದಕ್ಕೆ ಸಾಸಿವೆಯಷ್ಟು ಬಕ್ಕಲು. ಕೈಚಕ್ರ ತಿರುವಿದರೆ ಮುಂದಿನ ಎರಡೂ ಗಾಲಿ ಹೊರಳುತ್ತವೆ. ನಿನ್ನ ಅವ್ವ ಅದನ್ನು ಎಷ್ಟು ಸಲ ತಿರುವಿದಳೋ, ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ಹಿಂದಿನ ಗಾಲಿ ಮಾತ್ರ ಹಾದಿಯಲ್ಲಿ ಕಳಚಿ ಹುಲ್ಲಿನಲ್ಲಿ ಬಿದ್ದಿತ್ತು. ಸಿಕ್ಕಿದ್ದು ಒಂದೇ.

ನಿನ್ನ ಅಪ್ಪನ ಸಂಗತಿ ನಿನಗೆ ಗೊತ್ತು. "ಚಕ್ಕಡಿ ಕಾಲ ಮುಗೀತು" ಎಂದು ನೀನು ಅವನ ಮುಂದೆ ಅಂದು ಹೋದಂದಿನಿಂದ ಅವನ ಬಾಯಲ್ಲಿ ನಿನ್ನ ಹೆಸರಿಲ್ಲ. ಎತ್ತಿನ ಗಾಡಿಯ ಗಾಲಿ ಮಾಡುವುದರಲ್ಲೇ ಕೂದಲು ಬೆಳ್ಳಗಾದವನಿಗೆ ಆ ಮಾತು ಎಲ್ಲಿ ನಾಟಿತೋ. ನಾನು ನಿನ್ನ ಪತ್ರ ಓದಲು ಕೂತರೆ ಹಿತ್ತಲಿಗೆ ಎದ್ದುಹೋಗುತ್ತಾನೆ. ಮೋಟಾರು ಬಂದ ದಿನವೂ ಓರೆಗಣ್ಣಿನಿಂದ ನೋಡಿ ಹೊರಗೆ ಹೋದ. ಮರುದಿನ ಕೊಟ್ಟಿಗೆಗೆ ಹೋದರೆ, ನನ್ನ ಈ ಮಗರಾಯ ಎಮ್ಮೆ ಮೇವು ತಿನ್ನುವ ಗೋದಲಿಯಲ್ಲಿ ತಲೆ ತೂರಿಸಿ ಕೂತಿದ್ದಾನೆ!

"ಏನ ಹುಡಕಾಕತ್ತೀಯೋ ಮಹಾಲಿಂಗಾ?"

"ಒಂದ ಗಾಲಿ ಕಡಿಮಿ ಐತಿ. ಪೆಟಗ್ಯಾಗಿನ ಹುಲ್ಲು ಇದಕ್ಕ ಹಾಕೀರಿ, ಎಮ್ಮಿ ನುಂಗೇತಿ."

"ಹಂಗಾರ ನಾಳೆ ಸಗಣ್ಯಾಗ ಸಿಗತೈತಿ ತಗೋ, ಬುಟ್ಟಿ ಹಿಡಕೊಂಡ ನಿಂದ್ರು."

ಸಗಣಿಗೆ ಕಾಯಲಿಲ್ಲ. ಕೈಯಲ್ಲಿದ್ದ ಚಕ್ಕಡಿಯ ಕೆಲಸ ಬದಿಗಿಟ್ಟು ಜಾಲಿಯ ತುಂಡಿನಿಂದ ಗಾಲಿ ಕೊರೆದ. ಅಕ್ಕಸಾಲಿಗನ ಹತ್ತಿರ ತಂತಿ ಎಳೆಸಿ ತಂದು ಅರಗಾಲಿನ ಕಡ್ಡಿ ಕೂಡಿಸಿದ. ಜೋಡಿ ಇಟ್ಟರೆ ನಿನ್ನದು ಯಾವುದು, ಅವನದು ಯಾವುದು, ನನಗೆ ತಿಳಿಯಲಿಲ್ಲ. "ಹಿಂದ ನಡುವ ಸೀಳ್ಯಾನ, ಅಡ್ಡ ಅಚ್ಚು ಹಾಕೂದ ಮರತಾನ. ಹಡಬಿಟ್ಟಿ ಕೆಲಸ!" ಎಂದು ಬೈಯುತ್ತ ನೀನು ಬಿಟ್ಟ ಸೀಳನ್ನು ಮುಚ್ಚಿ, ಹೊಸ ಅಚ್ಚು ಹಾಯಿಸಿ ಎರಡೂ ಗಾಲಿ ಏರಿಸಿದ. ಬೈದರೂ ನಿನ್ನನ್ನೇ ಬೈದನಲ್ಲ ಎಂದು ನನಗೆ ಹೋಳಿಗೆ ಉಂಡ ಹಾಗಾಯಿತು.

ಮಹಾನವಮಿಗೆ ಖಂಡೆಪೂಜೆ. ಬಾಚಿ, ಉಳಿ, ಗರಗಸ ತೊಳೆದು ಹಲಗೆಯ ಮೇಲೆ ಸಾಲಾಗಿ ಇಟ್ಟ. ಆಮೇಲೆ ಒಳಗೆ ಹೋಗಿ ನಿನ್ನ ಮೋಟಾರನ್ನು ತಂದು ಅವುಗಳ ನಡುವೆ ಇಟ್ಟು, ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದ. ನಿನ್ನ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಕಣ್ಣಿಗೆ ಲೋಬಾನದ ಹೊಗೆ ಹತ್ತಿತ್ತು, ಅದು ಬೇರೆ ಮಾತು.

ನಿನ್ನೆ ಬನ್ನಿ ಕೊಡಲು ಮಹಮ್ಮದಗೌಸ ಬಂದ. ಮೋಟಾರು ನೋಡಿದವನೇ, "ಮಹಾಲಿಂಗಣ್ಣಾರ, ಇಂಥಾದ್ದು ಪುಣೇದಾಗ ನೋಡೇನ್ರಿ. ಇದಕ್ಕ ಮೂರ ಗಾಲಿ. ಹಿಂದ ನಡುವ ಒಂದ ರೀ!" ಎಂದ. ನಿನ್ನ ಅಪ್ಪನ ಮುಖ ನೋಡಬೇಕಿತ್ತು. ಕೊಟ್ಟ ಬನ್ನಿ ಕೈಯಲ್ಲೇ ಉಳಿಯಿತು. ಮೋಟಾರು ಎತ್ತಿಕೊಂಡು ಕೆಲಸದ ಚಪ್ಪರದೊಳಗೆ ಹೋದವನು ಊಟಕ್ಕೂ ಬರಲಿಲ್ಲ. ಮಗನ ಕೆಲಸ ಕೆಡಿಸಿದೆನೆಂದು ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ತೆರೆದ ಬಾಯಿ ಮತ್ತೆ ಮುಚ್ಚಿತಲ್ಲ ಎಂದು ನನಗೆ ಸಂಕಟ. ಅದಕ್ಕೇ ಇದನ್ನು ಬರೆದೆ. ದೀಪಾವಳಿಗೆ ಬಂದರೆ ನಾಲ್ಕು ಗಾಲಿ ನೋಡಿ ನಕ್ಕೀಯೆ, ಜೋಕೆ.

ಅವ್ವ ನಿನಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳಲು ಹೇಳಿದ್ದಾಳೆ. ನೂರು ವರ್ಷ ಬಾಳು, ಮೂರು ಹೊತ್ತು ಉಣ್ಣು.

ನಿನ್ನ ಆಯಿ,
ವೀರವ್ವ

ತಾ.ಕ.: ಲಕೋಟೆ ಅಂಟಿಸುವಾಗ ನಿನ್ನ ಅಪ್ಪ ಬಂದು ನಿಂತ. ತನ್ನ ಗಾಲಿ ತೆಗೆದು, ಮುಚ್ಚಿದ ಸೀಳು ಬಿಡಿಸಿ, ನಿನ್ನದನ್ನು ನಡುವೆ ಕೂಡಿಸಿದ್ದಾನೆ. "ಜೋರಾಗಿ ಹೊರಳೂಮುಂದ ಇದು ಯಾಕ ಮಗಚೂದಿಲ್ಲ ಅಂತ ಅವಗ ಬರದ ಕೇಳು" ಅಂದ. "ನಿನ್ನ ಮಗ, ನೀನ ಕೇಳು" ಅಂದೆ. ಕೈಯಲ್ಲಿದ್ದ ಮೋಟಾರಿನ ಕೈಚಕ್ರ ತಿರುವಿ, "ಹಂಗಾರ ನಾನ ಕೇಳೇನಿ ಅಂತ ಬರಿ" ಅಂದ. ಬರೆದಿದ್ದೇನೆ. ಅವನಿಗೆ ಓದಿ ಹೇಳುವವಳು ನಾನೇ ಆದರೂ, ಉತ್ತರದ ಲಕೋಟೆಯ ಮೇಲೆ ಈ ಸಲ ಅವನ ಹೆಸರು ಹಾಕು.