ಪೂರ್ಣಿಮಾಳ ಬಾಣಂತನ

ಪಾಳಾ
೯ ನವೆಂಬರ್ ೨೦೨೪

ಅತ್ತೆಯವರಿಗೆ ಸುಮಿತಾಳ ಶರಣು.

‘ಮಾತೃಸಮಾನರಾದ’ ಎಂದು ಬರೆಯುವುದು ವಾಡಿಕೆ. ನನಗೆ ಕೈ ಏಳಲಿಲ್ಲ. ಫೋನಿನಲ್ಲಾದರೆ ನೀವು ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಈ ಕಾಗದ.

ನಾದಿನಿ ಪೂರ್ಣಿಮಾ ದಾಂಡೇಲಿಯಲ್ಲಿ ಹೆತ್ತಿದ್ದಾಳೆ, ಬಾಣಂತನಕ್ಕೆ ಹಳಿಯಾಳಕ್ಕೆ ಬರುತ್ತಾಳೆ, ನೀನೂ ಬಂದು ಕೈಗೆ ಆಸರೆಯಾಗು ಎಂದು ನಿಮ್ಮ ಮಗನ ಕೈಯಲ್ಲಿ ಹೇಳಿ ಕಳಿಸಿದ್ದೀರಿ. ಕೋಣೆಗೆ ಸುಣ್ಣ ಬಳಿಸಿದ್ದೀರಂತೆ. ಓಣಿಗೆಲ್ಲ ಹೇಳಿಕೊಂಡು ಬಂದಿದ್ದೀರಂತೆ.

ಆ ಕೋಣೆಯಲ್ಲಿ ನಾನೂ ಮಲಗಿದ್ದೆ. ಆಗ ನನ್ನ ಅವ್ವನಿಗೆ ಕಣ್ಣಿನ ಆಪರೇಷನ್ ಆಗಿತ್ತೆಂದು ನನ್ನ ಬಾಣಂತನ ನಿಮ್ಮ ಮನೆಯಲ್ಲಾಯಿತು. ಕೂಸಿನ ತೂಕ ಇಳಿಯುತ್ತಿತ್ತು. ಡಾಕ್ಟರು ನಿಮ್ಮೆದುರಿಗೇ ಹೇಳಿದರು: “ಮೊದಲ ಎದಿಗೆ ಹಾಕ್ರಿ, ಬಿಡಸಬ್ಯಾಡ್ರಿ. ಸಾಲದಷ್ಟು ಆಮ್ಯಾಲ ಪುಡಿಹಾಲು ಕುಡಸ್ರಿ. ಎರಡೂ ನಡೀತಾವ.” ನೀವು ತಲೆಯಾಡಿಸಿದಿರಿ. ಮನೆಗೆ ಬಂದವರೇ ಪುಡಿಹಾಲಿನ ಡಬ್ಬಿಯನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದಿರಿ. “ನಮ್ಮ ಮನ್ಯಾಗ ಡಬ್ಬಿ ಹಾಲು ಕುಡದು ಯಾರೂ ಬೆಳದಿಲ್ಲ” ಎಂದಿರಿ. ಕೂಸು ನೋಡಲು ಬಂದ ಹೆಂಗಸರ ಮುಂದೆ ನನ್ನ ಸೆರಗು ಎಳೆದು, “ನೋಡ್ರಿ, ಇಷ್ಟ ಮೈ ಐತಿ, ಹನಿ ಹಾಲಿಲ್ಲ” ಎಂದು ನಗಿಸಿದಿರಿ. ಇನ್ನೊಂದು ಡಬ್ಬಿ ತನ್ನಿರೆಂದು ನಿಮ್ಮ ಮಗನ ಕಾಲು ಹಿಡಿದೆ. “ಅವ್ವನ ಮಾತು ಮೀರಾಕ ಆಗೂದಿಲ್ಲ” ಎಂದರು.

ಮರುದಿನ ಕೂಸಿಗೆ ಅಳಲೂ ತ್ರಾಣವಿರಲಿಲ್ಲ. ತುಟಿ ಒಣಗಿ, ಉಚ್ಚೆ ನಿಂತಿತ್ತು. ಟವೆಲಿನಲ್ಲಿ ಸುತ್ತಿಕೊಂಡು ಒಬ್ಬಳೇ ಆಸ್ಪತ್ರೆಗೆ ಓಡಿದೆ. ಅಲ್ಲಿ ಅದು ಚೇತರಿಸಿಕೊಂಡ ಮೇಲೆ ಪಾಳಾದ ತವರಿನ ದಾರಿ ಹಿಡಿದೆ. ಈಗ ನಿಮ್ಮ ಮೊಮ್ಮಗಳು ಎದೆಹಾಲೂ ಕುಡಿಯುತ್ತಾಳೆ, ಡಬ್ಬಿ ಹಾಲೂ ಕುಡಿಯುತ್ತಾಳೆ. ತೋಳು ಗುಂಡಗಾಗಿವೆ. ಅವಳನ್ನು ನೀವು ಮುಟ್ಟಲು ನಾನು ಬಿಡುವುದಿಲ್ಲ.

ಮೊನ್ನೆ ಪೂರ್ಣಿಮಾ ಫೋನಿನಲ್ಲಿ ಅತ್ತಳು. “ವೈನಿ, ನನಗೂ ಹಾಲು ಸಾಲವಲ್ದು. ಅವ್ವಗ ಹೆಂಗ ಹೇಳಲಿ?” ಎಂದಳು. ಎರಡನ್ನೂ ಹೇಗೆ ಕುಡಿಸುವುದೆಂದು ಹೇಳಿಕೊಟ್ಟೆ. ನನಗೆ ಮಾಡಿದ ಹಾಗೆ ಹೆತ್ತ ಮಗಳಿಗೆ ನೀವು ಮಾಡಲಾರಿರಿ ಎಂದು ಒಂದು ಮಾತು ಸೇರಿಸಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. ನುಂಗಿದ ಮೇಲೆ ಬಹಳ ದಿನಗಳ ನಂತರ ಹೊಟ್ಟೆ ತಣ್ಣಗಾಯಿತು.

ನಾನು ಬರುವುದಿಲ್ಲ. ನಿಮ್ಮ ಮಗ ಇಲ್ಲಿಗೆ ಬರುವುದಾದರೆ ಬರಲಿ, ಡಬ್ಬಿ ಹಿಡಿದುಕೊಂಡು ಬರಲಿ.

ಇಂತಿ,
ಸುಮಿತಾ

ತಾ.ಕ.: ಈ ಕಾಗದ ತಂದ ನಿಮ್ಮ ಅಳಿಯ ಉದಯಕುಮಾರ ಅವರನ್ನು ಒಳಗೆ ಕರೆದು ನೀರು ಕೊಡಿ. ಕಾರಿನಲ್ಲಿ ಇಣುಕಬೇಡಿ, ಅವರೊಬ್ಬರೇ ಬಂದಿದ್ದಾರೆ. ಪೂರ್ಣಿಮಾ ನಿನ್ನೆಯೇ ಕೂಸಿನೊಂದಿಗೆ ನಮ್ಮ ಮನೆ ಸೇರಿದಳು. ಕಾರು ಹಳಿಯಾಳ ದಾಟಿಯೇ ಬಂತು. ನಿಮ್ಮ ಓಣಿ ಹತ್ತಿರವಾದಾಗ “ನಿಲ್ಲಸಬ್ಯಾಡ್ರಿ” ಎಂದಳಂತೆ. ಅವಳ ಬಾಣಂತನ ನನ್ನ ಅವ್ವನೇ ಮಾಡುತ್ತಾಳೆ. ಓಣಿಯವರು ಕೇಳಿದರೆ ಏನು ಹೇಳುವುದೆಂದು ನೀವೇ ನೋಡಿಕೊಳ್ಳಿ.