ಅಸ್ತು ಅನ್ನುವವರಿಗೆ ಹೆದರಿದ ತಾತನಿಗೆ

ಅರಸೀಕೆರೆ,
೨೨೧೯ನೇ ಇಸವಿ, ಫೆಬ್ರವರಿ ಮೂವತ್ತು.

ಕಾಳಾಚಾರ್ ತಾತನವರಿಗೆ,

ತಾರೀಕು ನೋಡಿ ಹುಬ್ಬೇರಿಸಬೇಡಿ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ತೊಂಬತ್ತು ವರ್ಷವಾಯಿತು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಎರಡೇ ಕಡೆಯಿಂದ: ನೀವು ಬಿಟ್ಟುಹೋದ ನೋಟ್‌ಬುಕ್ಕಿನಿಂದ, ಮತ್ತು ಪತ್ರಾಗಾರದಲ್ಲಿ ಗೆದ್ದಲಿಗೂ ಬೇಡವಾಗಿ ಉಳಿದ ಸರ್ಕಾರಿ ಅರ್ಜಿಗಳಿಂದ. ಹಾಗಾಗಿ ಈ ಕಾಗದ ಅರ್ಧ ಗೋಡೆ ಜಾಹೀರಾತಿನ ಹಾಗೆ, ಅರ್ಧ ಗುಮಾಸ್ತನ ಹಾಗೆ ಮಾತಾಡಿದರೆ ಸಹಿಸಿಕೊಳ್ಳಿ. ಕ್ಷಮೆ ಕೇಳುವುದು ಇಷ್ಟಕ್ಕೇ. ಮುಂದೆ ಬರೆಯುವುದಕ್ಕೆ ಕೇಳುವುದಿಲ್ಲ.

ನಾನು ನೇಸರಿ, ನಿಮ್ಮ ಮಗಳು ಚಿತ್ರಾಳಿಂದ ಏಳನೇ ತಲೆಮಾರು. ತೂಗುದಾರಿಯ ಹಗ್ಗ ಪರೀಕ್ಷಿಸುವುದು ನನ್ನ ಕೆಲಸ. ತೂಗುದಾರಿಯೆಂದರೆ ಗುಡ್ಡದಿಂದ ಗುಡ್ಡಕ್ಕೆ ಜನರನ್ನು ತೊಟ್ಟಿಲಲ್ಲಿ ಸಾಗಿಸುವ ವ್ಯವಸ್ಥೆ, ನಿಮ್ಮ ಬಸ್ಸುಗಳ ಜಾಗಕ್ಕೆ ಬಂದದ್ದು. ಬೆಳಿಗ್ಗೆ ಶಾಲೆಗೆ ಹೋಗುವ ಮಕ್ಕಳು, ಹೂವಿನ ಬುಟ್ಟಿಯವರು, ಮೇಕೆ ಹಿಡಿದವರು ಎಲ್ಲರೂ ಅದರಲ್ಲೇ ತೂಗಿಕೊಂಡು ಹೋಗುತ್ತಾರೆ. ಅವರಿಗಿಂತ ಮೊದಲು ಹಗ್ಗದ ಮೇಲೆ ಹೋಗಿ ಬರುವವಳು ನಾನು. ಮಾಲೇಕಲ್ ಗುಡ್ಡದ ಕಂಬದಿಂದ ಬಿದ್ದು ಇವತ್ತಿಗೆ ನಲವತ್ತು ದಿನ. ಪುಡಿಯಾಗಿದ್ದ ಸೊಂಟವನ್ನು ಕೂಡಿಸಿದರು. ಎಡಗಾಲು ಮಾತ್ರ ಯಾರೋ ಬಿಟ್ಟುಹೋದ ಸಾಮಾನಿನ ಹಾಗೆ ಹಾಸಿಗೆಯ ಮೇಲೆ ಬಿದ್ದಿದೆ.

ನಮ್ಮಲ್ಲಿ ಅರ್ಜಿ ಎಂಬುದಿಲ್ಲ. ಗಾಯಗೊಂಡವರ ಪಕ್ಕ ಮೊದಲ ದಿನವೇ ಸರ್ಕಾರ ಒಬ್ಬ ಎಣೆಯನ್ನು, ಅಂದರೆ ಜೊತೆಗಾರರನ್ನು, ಕೂರಿಸುತ್ತದೆ. ಮನೆಯ ಮೆಟ್ಟಿಲನ್ನು ಇಳಿಜಾರು ಮಾಡಿಸುವುದರಿಂದ ಹಿಡಿದು ಕೂತು ಮಾಡುವ ಹೊಸ ಕೆಲಸ ಕಲಿಸುವವರೆಗೆ ಎಲ್ಲವೂ ಆ ಎಣೆಯದು. ನನಗೆ ಬಂದವರ ಹೆಸರು ಹಯಾತ್. ನಾವು ಮಾಡಬೇಕಾದದ್ದು ಒಂದೇ: ನಲವತ್ತು ದಿನದೊಳಗೆ 'ಇವತ್ತಿಗೆ ನನಗೆ ಇಂಥದ್ದು ಆಗುವುದಿಲ್ಲ' ಎಂಬ ವಾಕ್ಯವನ್ನು ನಮ್ಮ ಬಾಯಿಂದಲೇ ಹೇಳಬೇಕು. ಹೇಳದಿದ್ದರೆ ಎಣೆ ಇನ್ನೊಬ್ಬರ ಹಾಸಿಗೆಗೆ ಹೋಗುತ್ತಾರೆ, ನಾವು ಸಾಲಿನ ಕೊನೆಗೆ ಹೋಗುತ್ತೇವೆ, ಆ ಸಾಲು ಮೂರು ವರ್ಷ ಉದ್ದವಿದೆ. ನಾನಿನ್ನೂ ಹೇಳಿಲ್ಲ. ಸಂಜೆ ನಾಲ್ಕಕ್ಕೆ ಹಯಾತ್ ಕೊನೆಯ ಸಲ ಬರುತ್ತಾರೆ.

ಹೇಳಲಾಗದವರಿಗೆ ಇವರ ಹತ್ತಿರ ಒಂದು ಮದ್ದಿದೆ, ಹಿಮ್ಮೊಗದ ಕಾಗದ ಅಂತ. ತಮ್ಮ ಮನೆತನದಲ್ಲಿ ತಮ್ಮ ಹಾಗೆಯೇ ತಡಮಾಡಿದ ಹಳಬರೊಬ್ಬರನ್ನು ಹುಡುಕಿ ಅವರಿಗೆ ಬರೆಯಬೇಕಂತೆ. ಕಾಗದ ತಲುಪುವುದಿಲ್ಲ ಎಂದು ಬರೆಸುವವರಿಗೂ ಗೊತ್ತು. ಇದು ಮಕ್ಕಳಾಟ ಎಂದು ಹಯಾತ್‌ಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. ಅವರು ಪತ್ರಾಗಾರದಿಂದ ನಿಮ್ಮ ನೋಟ್‌ಬುಕ್ ತರಿಸಿ ನನ್ನ ತೊಡೆಯ ಮೇಲಿಟ್ಟು ಹೋದರು. ಓದಿದೆ, ಮೈ ಉರಿಯಿತು, ಅದಕ್ಕೇ ಬರೆಯುತ್ತಿದ್ದೇನೆ.

ತಾತ, ಊರಿನ ಗೋಡೆಗಳ ಮೇಲೆಲ್ಲ ಆಳೆತ್ತರದ ಅಕ್ಷರ ಬರೆದವರು ನೀವು. ಸಿಮೆಂಟಿನ ಹೆಸರು, ಸೋಪಿನ ಹೆಸರು, ಗೆದ್ದ ಅಭ್ಯರ್ಥಿಯ ಹೆಸರು, ಸೋತವನದೂ. ಕಲ್ಯಾಣ ಮಂಟಪದ ಮೂರನೇ ಅಂತಸ್ತಿಗೆ ಹೆಸರು ಬರೆಯುವಾಗ ಸಾರುವೆ ಕಳಚಿ ಬಿದ್ದಿರಿ, ಬೆನ್ನುಹುರಿಗೆ ಪೆಟ್ಟಾಯಿತು, ಎರಡೂ ಕಾಲಿನ ಶಕ್ತಿ ಹೋಯಿತು. ಬಿದ್ದ ಒಂಬತ್ತನೇ ದಿನ ಆಶಾ ಕಾರ್ಯಕರ್ತೆ ಶಕುಂತಲಾ ಪಿಂಚಣಿಯ ಅರ್ಜಿ ಹಿಡಿದು ಆಸ್ಪತ್ರೆಗೇ ಬಂದರು. ಎಣಿಕೆ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದ, ಬಿದ್ದ ದಿನದಿಂದಲ್ಲ; ಮೂರು ಚಕ್ರದ ಗಾಡಿಗೂ ಅದೇ ಸಾಲು; ಇವತ್ತೇ ಕೊಡಿ, ವಾಸಿಯಾದರೆ ವಾಪಸ್ ತಗೊಳ್ಳೋಣ ಎಂದು ಬಿಡಿಸಿ ಹೇಳಿದರು. ಅಷ್ಟು ಬುದ್ಧಿಯ ಮಾತನ್ನು ಆ ವರ್ಷ ನಿಮ್ಮ ಹಾಸಿಗೆಯ ಹತ್ತಿರ ಬೇರೆ ಯಾರೂ ಆಡಿದ ಹಾಗೆ ಕಾಣೆ. ಅರ್ಜಿಯಲ್ಲಿ ಒಂದು ಅಂಕಣವಿತ್ತು, ಅಲ್ಲಿ 'ಶಾಶ್ವತ' ಎಂದು ಬರೆಯಬೇಕಿತ್ತು. ನೀವು ಆ ಕಾಗದ ಮಡಚಿ ದಿಂಬಿನ ಕೆಳಗಿಟ್ಟಿರಿ. ಹದಿನಾಲ್ಕು ತಿಂಗಳು ಅದರ ಮೇಲೆ ತಲೆಯಿಟ್ಟು ಮಲಗಿದಿರಿ.

ಯಾಕೆ ಎಂದು ನೀವೇ ಬರೆದುಕೊಂಡಿದ್ದೀರಿ. ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರೆ, ಕೆಟ್ಟದ್ದು ಆಡಿದರೆ ಅಸ್ತು ಅಂದುಬಿಡುತ್ತಾರೆ, ಬರೆದರಂತೂ ಮುಗಿದೇ ಹೋಯಿತು. ನಿಮ್ಮ ಹೆಂಡತಿ ವನಜಾಕ್ಷಿಯವರೂ ಅದಕ್ಕೆ ತಾಳ ಹಾಕಿದರು. ಯಾರಾದರೂ ಇನ್ನು ನಡೆಯೋದು ಕಷ್ಟ ಅಂದರೆ ಸಾಕು, ಬಿಡ್ತು ಅನ್ನಿ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದರು. ಎಂಥ ದಡ್ಡತನ ತಾತ. ಎಷ್ಟು ಗೋಡೆಗಳ ಮೇಲೆ 'ಇಲ್ಲಿ ಮೂತ್ರ ವಿಸರ್ಜಿಸಬಾರದು' ಎಂದು ನೀವು ದಪ್ಪಕ್ಷರದಲ್ಲಿ ಬರೆದಿರಲಿಲ್ಲ? ಬರೆದದ್ದೆಲ್ಲ ಆಗುವುದಾಗಿದ್ದರೆ ಅರಸೀಕೆರೆ ಎಂದೋ ಘಮಘಮಿಸಬೇಕಿತ್ತು.

ನಿಮ್ಮೊಬ್ಬರನ್ನೇ ಬೈದರೆ ಉಳಿದವರು ತಪ್ಪಿಸಿಕೊಳ್ಳುತ್ತಾರೆ. ನೋಡಲು ಬಂದ ಗೆಳೆಯರ ದಂಡು ಮೂಸಂಬಿ ಇಟ್ಟು, ಎದ್ದು ಓಡಾಡ್ತೀಯ ಬಿಡೋ ಎಂದು ಬೆನ್ನು ತಟ್ಟಿ, ಬೀಡಿ ಸೇದಲು ಹೊರಗೆ ಹೋಗುತ್ತಿತ್ತು. ಅವರಿಗೇನು, ಎದ್ದು ಓಡಾಡುವವರು. ನಿಮ್ಮನ್ನು ನೋಡುತ್ತಿದ್ದ ಡಾಕ್ಟರು ಆರು ತಿಂಗಳು ನೋಡೋಣ ಅಂದರು, ಆರಾದ ಮೇಲೆ ಇನ್ನಾರು ಅಂದರು. ನೋಡುವುದು ಅವರಿಗೆ ಸುಲಭ. ಆ ಹೊತ್ತಿಗೆ ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಎದ್ದಿತ್ತು, ನಿಮ್ಮನ್ನು ಎತ್ತಿ ಕೂರಿಸಲು ಚಿತ್ರಾ ಪಿಯುಸಿ ಬಿಟ್ಟಿದ್ದಳು. ಅವಳು ಕಾಲೇಜು ಬಿಟ್ಟ ದಿನ ನೀವು ನೋಟ್‌ಬುಕ್ಕಿನಲ್ಲಿ ಬರೆದ ಸಾಲು ಇದು: ಇನ್ನೊಂದು ತಿಂಗಳು, ಆಮೇಲೆ ಅವಳನ್ನು ಮತ್ತೆ ಸೇರಿಸುವುದು. ಈ ಸಾಲನ್ನು ಓದಿ ನೋಟ್‌ಬುಕ್ಕನ್ನು ಗೋಡೆಗೆ ಎಸೆದೆ. ಆಮೇಲೆ ಅದನ್ನು ಎತ್ತಿಕೊಳ್ಳಲು ನನ್ನಿಂದ ಆಗಲಿಲ್ಲ, ಅಮ್ಮ ಬಂದು ಎತ್ತಿಕೊಟ್ಟಳು.

ಎಂಟನೇ ತಿಂಗಳಿನ ಒಂದು ಪುಟದಲ್ಲಿ ನೀವು 'ಶಾ' ಎಂದು ಬರೆದಿದ್ದೀರಿ. ಚೆಂದದ ಅಕ್ಷರ, ನೆರಳು ಕೊಟ್ಟಿದ್ದೀರಿ, ಅಂಚಿಗೆ ಗೆರೆ ಎಳೆದಿದ್ದೀರಿ. ಅಲ್ಲಿಗೇ ನಿಲ್ಲಿಸಿದ್ದೀರಿ. ಆ ಪುಟವನ್ನು ಮಾತ್ರ ಬೈಯಲಾಗಲಿಲ್ಲ ನನಗೆ.

ಕೊನೆಗೆ ಬರೆಸಿದ್ದು ವನಜಾಕ್ಷಿಯವರು. ಹದಿನಾಲ್ಕನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಹುಣ್ಣಿಗೆ ಔಷಧಿ ಹಚ್ಚುತ್ತಿದ್ದವರು ಕೈ ತೊಳೆದು ಬಂದು, ದಿಂಬಿನ ಕೆಳಗಿನ ಅರ್ಜಿ ತೆಗೆದು ನಿಮ್ಮ ಎದೆಯ ಮೇಲಿಟ್ಟರು. ಅವರ ಮಾತನ್ನು ನೀವು ಹಾಗೇ ಬರೆದಿಟ್ಟಿದ್ದೀರಿ.

“ಹದಿನಾಕು ತಿಂಗಳಿಂದ ಎದ್ದು ಓಡಾಡ್ತೀನಿ ಓಡಾಡ್ತೀನಿ ಅಂತಿದ್ದೀರಲ್ಲ, ಅದಕ್ಕೆ ಯಾರಾದ್ರೂ ಅಸ್ತು ಅಂದ್ರಾ?”

ಬಿಡ್ತು ಅನ್ನಿ ಎಂದು ಮನೆಗೆ ಬಂದವರ ಬಾಯಿಗೆ ಬೀಗ ಹಾಕುತ್ತಿದ್ದ ಹೆಂಗಸು ತಾತ ಅವರು. ಅವತ್ತೇ ನೀವು ಅರ್ಜಿ ತುಂಬಿದಿರಿ. ಆಮೇಲೆ ಕಚೇರಿಯ ಪುಣ್ಯಾತ್ಮರು ನಿಮ್ಮನ್ನು ಖುದ್ದಾಗಿ ಬರಹೇಳಿದರು, ಎರಡನೇ ಮಹಡಿಗೆ, ಕಾಲಿಗೆ ಶಕ್ತಿಯಿಲ್ಲವೆಂದು ತೋರಿಸಲು. ಚಿತ್ರಾ ಬೆನ್ನ ಮೇಲೆ ಹೊತ್ತು ಹತ್ತಿಸಿದಳು. ಅರ್ಜಿ ನೋಡಿದ ಗುಮಾಸ್ತ, ಇಷ್ಟು ಮುದ್ದಾಗಿ ಬರೆಯುವವರಿಗೆ ಏನು ಅಂಗವಿಕಲತೆ ಎಂದು ನಕ್ಕನಂತೆ. ಆ ಗುಮಾಸ್ತನ ಹೆಸರನ್ನು ನೀವು ಬರೆದಿಟ್ಟಿಲ್ಲ. ಇಟ್ಟಿದ್ದರೆ ಅವನ ಏಳನೇ ತಲೆಮಾರನ್ನು ಹುಡುಕಿಕೊಂಡು ಹೋಗುತ್ತಿದ್ದೆ. ಇರಲಿ. ಗಾಡಿ ಬರುವುದಕ್ಕೆ ಮತ್ತೆ ಎರಡು ವರ್ಷ ಹಿಡಿಯಿತು. ಬಂದ ಮೇಲೆ ನೀವು ಕೂತೇ ಬೋರ್ಡು ಬರೆದಿರಿ, ಹದಿನೇಳು ವರ್ಷ ಬರೆದಿರಿ. ಚಿತ್ರಾ ಮಾತ್ರ ಮತ್ತೆ ಕಾಲೇಜಿಗೆ ಹೋಗಲಿಲ್ಲ.

ನಮ್ಮ ಕಾಲದ ಜಾಣರ ವಿಷಯವನ್ನೂ ಹೇಳಿಬಿಡುತ್ತೇನೆ. ನಿಮ್ಮಂಥವರ ಸಾವಿರಾರು ಅರ್ಜಿ ಓದಿದ ಮೇಲೆ ಇವರಿಗೆ ಜ್ಞಾನೋದಯವಾಯಿತಂತೆ, ತಪ್ಪೆಲ್ಲ 'ಶಾಶ್ವತ' ಎಂಬ ಪದದ್ದು ಎಂದು. ಅದನ್ನು ಕಿತ್ತುಹಾಕಿ 'ಇವತ್ತಿಗೆ' ಎಂದು ಮಾಡಿದರು. ಪ್ರತಿ ತಿಂಗಳೂ ಬಂದು ಮತ್ತೆ ಕೇಳುತ್ತಾರೆ, ನಾಳೆ ಆದರೆ ಆಯಿತು ಅನ್ನುತ್ತಾರೆ. ಪದ ಬದಲಾಯಿಸಿದರೆ ಭಯ ಹೋಗುತ್ತದೆ ಎಂದುಕೊಂಡ ಈ ಪಂಡಿತರು ಒಮ್ಮೆ ನನ್ನ ಹಾಸಿಗೆಯಲ್ಲಿ ಮಲಗಿ ನೋಡಲಿ. ನಲವತ್ತು ದಿನದಿಂದ ಬಂದವರಿಗೆಲ್ಲ, ಹತ್ತೇ ದಿನ, ಆಮೇಲೆ ಹಗ್ಗದ ಮೇಲಿರುತ್ತೇನೆ ಎಂದು ನಗುತ್ತ ಹೇಳುತ್ತಿದ್ದೇನೆ. ಹತ್ತು ದಿನಗಳು ನಾಲ್ಕು ಸಲ ಮುಗಿದವು. ಮೊನ್ನೆ ಹಯಾತ್ ಎದುರು 'ಇವತ್ತಿಗೆ' ಎಂದು ಬಾಯಿ ತೆರೆದೆ. ಅಮ್ಮ ಅಡುಗೆಮನೆಯಿಂದ ಓಡಿಬಂದು ಬಿಡ್ತು ಅನ್ನು ಎಂದಳು. ಏನು ಬಿಡ್ತು, ಯಾರು ಬಿಟ್ಟರು, ಅವಳಿಗೆ ಗೊತ್ತಿಲ್ಲ. ನಿಮ್ಮ ರೈಲು ಹೋಯಿತು, ಗೋಡೆಗಳು ಹೋದವು, ನಿಮ್ಮ ಮನೆಯಿಂದ ಈ ಒಂದು ಪದ ಮಾತ್ರ ಏಳು ತಲೆಮಾರು ದಾಟಿ ಬಂದಿದೆ. ನಾನೂ ಅಂದೆ, ಬಿಡ್ತು.

ನಿಮ್ಮನ್ನು ದಡ್ಡ ಅಂದೆ. ವಾಪಸ್ ತಗೊಳ್ಳುವುದಿಲ್ಲ, ಆ ಮಾತಿನಲ್ಲಿ ಅರ್ಧ ನನಗಿರಲಿ. ಹೆದರಿಕೆಯಾಯಿತು ತಾತ. ಹೇಳಿದ ಮೇಲೆ ನಾನು ಹಗ್ಗದವಳಲ್ಲ, ಬೇರೆ ಯಾರೋ. ಅವಳ ಪರಿಚಯ ನನಗಿಲ್ಲ.

ಈ ಕಾಗದ ಹೇಗೋ ನಿಮ್ಮ ಕೈಗೆ ಸಿಕ್ಕಿದರೆ ನಿಮ್ಮಿಂದ ಬೇಡುವುದು ಇಷ್ಟೇ. ಒಂಬತ್ತನೇ ದಿನ ಶಕುಂತಲಾ ಅರ್ಜಿ ಹಿಡಿದು ಬಂದಾಗ ಅವರ ಪೆನ್ನನ್ನೇ ಇಸಿದುಕೊಳ್ಳಿ. ನೆರಳು ಬೇಡ, ಅಂಚಿನ ಗೆರೆ ಬೇಡ, ಮುದ್ದಾಗಿಯೂ ಇರಬೇಕಿಲ್ಲ. ಕಾಗೆ ಕಾಲಿನ ಅಕ್ಷರವಾದರೂ ಸರಿ, ಬರೆದುಬಿಡಿ. ಚಿತ್ರಾ ಕಾಲೇಜಿಗೆ ಹೋಗಲಿ. ವಾಸಿಯಾಗಿ ಎದ್ದರೆ ಆ ಅರ್ಜಿಯನ್ನು ಕಚೇರಿಯವರ ಎದುರೇ ಹರಿದು ಹಾಕುವಿರಂತೆ, ಎರಡನೇ ಮಹಡಿಗೆ ನೀವೇ ಹತ್ತಿಕೊಂಡು ಹೋಗಿ.

ಹೊರಗೆ ಹಯಾತ್ ಚಪ್ಪಲಿ ಬಿಡುವ ಸದ್ದು ಕೇಳುತ್ತಿದೆ. ಅಮ್ಮ ಅಡುಗೆಮನೆಯಲ್ಲಿದ್ದಾಳೆ, ಅವಳು ಓಡಿಬರುವ ಮೊದಲೇ ನಾನು ಮುಗಿಸಬೇಕು. ಹೇಳುವುದಕ್ಕೆ ಮುಂಚೆ ಇಲ್ಲಿ ಬರೆಯುತ್ತೇನೆ, ಅದಕ್ಕೆ ನೀವು ಸಾಕ್ಷಿ.

ಇವತ್ತಿಗೆ ನನಗೆ ನಡೆಯಲು ಆಗುವುದಿಲ್ಲ.

ಮೇಲೆ ಯಾರಾದರೂ ಇದ್ದರೆ ಅಸ್ತು ಅಂದುಕೊಳ್ಳಲಿ.

ನಿಮ್ಮ,
ನೇಸರಿ