ಬಾಂದುಕಲ್ಲಿನ ಬುಡದ ಡಬ್ಬಿ

ಶಿರಾಳಕೊಪ್ಪ
ಫೆಬ್ರವರಿ ೯, ಸೋಮವಾರ

ಪ್ರೀತಿಯ ಸಂಗೀತಾ,

ನಿಮ್ಮ ಗದ್ದೆಯ ಮೂಲೆಯಲ್ಲಿಟ್ಟಿದ್ದ ಆ ಡಬ್ಬಿಯನ್ನು ತೆಗೆದುಬಿಟ್ಟೆ. ಗ್ರೂಪಿನಲ್ಲಿ ಹೇಳೋಣವೆಂದರೆ ನೀನು ಗ್ರೂಪ್ ಬಿಟ್ಟು ಹದಿನೆಂಟು ದಿನವಾಯಿತು. ನನ್ನ ಮೆಸೇಜಿಗೆಲ್ಲ ಒಂದೇ ಟಿಕ್. ಕಾಗದವನ್ನು ಬ್ಲಾಕ್ ಮಾಡೋಕಾಗಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸುಸ್ತಾಗಿದೆ ಕಣೇ. ಜನ ಫೋನ್ ನೋಡಿ ಹುಡುಕಲಿ ಅಂತ ಏಳು ಡಬ್ಬಿ ಬಚ್ಚಿಟ್ಟೆವು. ಒಂದನ್ನು ಮಂಗ ಒಯ್ದಿತು, ಒಂದರಲ್ಲಿದ್ದ ಹೆಸರು ಬರೆಯುವ ಪುಸ್ತಕ ಗೆದ್ದಲಿನ ಪಾಲಾಯಿತು, ಸೊರಬ ಬಸ್ ಸ್ಟ್ಯಾಂಡ್ ಹತ್ತಿರದ್ದರಲ್ಲಿ ಯಾರೋ ಗುಟ್ಕಾ ಚೀಟಿ ತುರುಕಿದ್ದಾರೆ. ಗ್ರೂಪಿನಲ್ಲಿ ಅರವತ್ತೆರಡು ಜನ. ಎಲ್ಲರೂ ಹೆಬ್ಬೆರಳು ಒತ್ತುತ್ತಾರೆ, ಒಬ್ಬರೂ ಬಸ್ ಹತ್ತುವುದಿಲ್ಲ. ಹೋದ ವರ್ಷ ಇದೇ ಹೊತ್ತಿಗೆ ನಾನು ಪರೀಕ್ಷೆಗೆ ಓದುವುದು ಬಿಟ್ಟು ಈ ಡಬ್ಬಿ ಹುಡುಕುವ ಆಟದ, ಜಿಯೋಕ್ಯಾಶಿಂಗ್‌ನ, ಥ್ರೆಡ್‌ಗಳನ್ನು ನೆಟ್ಟಿನಲ್ಲಿ ಓದುತ್ತಿದ್ದೆ. ನಮ್ಮ ನಿಮ್ಮ ಎರಡು ತಾಲೂಕಿಗೂ ನಾವೇ ಮೊದಲು ಅಂತ ಕುಣಿಯುತ್ತಿದ್ದೆ. ಆಗಿನ ಆ ನನ್ನನ್ನು ನೆನೆದರೆ ಈಗ ಮೈಕೈ ನೋಯುತ್ತದೆ.

ನಿನ್ನೆ ನಿಮ್ಮ ಕುಪ್ಪಗಡ್ಡೆಗೆ ಬಂದಿದ್ದೆ, ಡಬ್ಬಿ ಒದ್ದೆಯಾಗಿದೆಯೋ ಏನೋ ನೋಡೋಣವೆಂದು. ನಿಮ್ಮ ಗದ್ದೆಯ ಮೂಲೆಯಲ್ಲಿ, ಗಡಿಗೆ ನೆಟ್ಟ ಆ ಬಾಂದುಕಲ್ಲಿನ ಪಕ್ಕದಲ್ಲೇ ಆಚೆ ಗದ್ದೆಯ ವೀರಬಸಪ್ಪನವರು ಕೂತಿದ್ದರು. ನಾನು ಯಾರೆಂದು ಕೇಳಲೂ ಇಲ್ಲ. ತಾವಾಗಿಯೇ ಶುರುಮಾಡಿದರು. "ಈ ಕಲ್ಲು ನಾನು ಸರಿಸಿದ್ದಂತೆ ತಂಗೀ. ಪಕ್ಕದ ಲೋಕಪ್ಪ ಊರೆಲ್ಲ ಹೇಳ್ಕಂಡು ಬಂದಾನೆ. ಹನ್ನೆರಡು ವರ್ಷದಿಂದ ಅವನ ಕುರಿ ರಾತ್ರಿ ನನ್ನ ಗದ್ದೇಲೇ ತರುಬಿ ಮಲಗ್ತಿದ್ವು. ಈ ಸಲ ಒಂದು ಹಿಕ್ಕೆನೂ ಬಿದ್ದಿಲ್ಲ. ಗೊಬ್ಬರ ಹೋಗ್ಲಿ ಬಿಡು. ನನ್ನ ಕಂಡ್ರೆ ಮುಖ ತಿರುಗಿಸ್ಕಂಡು ಹೋಗ್ತಾನೆ."

ಕಲ್ಲು ನಿಮ್ಮ ಕಡೆಗೆ, ನಿಮ್ಮಪ್ಪನ ಗದ್ದೆಯೊಳಕ್ಕೆ, ಒಂದೂವರೆ ಅಡಿ ಬಂದಿದೆ. ಸರಿಸಿದವಳು ನಾನು. ದಸರಾ ರಜೆಯಲ್ಲಿ, ಮಣ್ಣಿನ್ನೂ ಹಸಿ ಇದ್ದಾಗ. ಡಬ್ಬಿಗಾಗಿ ನೆಲ ಅಗೆಯಬಾರದು ಅಂತ ಥ್ರೆಡ್‌ಗಳಲ್ಲಿ ನೂರು ಸಲ ಓದಿದ್ದೆನಲ್ಲ, ಅಗೆಯಲಿಲ್ಲ. ಕಲ್ಲನ್ನು ಕಿತ್ತು, ಅದಿದ್ದ ಕುಳಿಯಲ್ಲೇ ಡಬ್ಬಿ ಇಟ್ಟು, ಮೇಲೊಂದು ಚಪ್ಪಡಿ ಮುಚ್ಚಿ, ಕಲ್ಲನ್ನು ಪಕ್ಕದಲ್ಲಿ ನೆಟ್ಟೆ. ಎಷ್ಟು ಜಾಣತನ! ಫೋನು ನಾಲ್ಕು ಮೀಟರ್ ಆಚೀಚೆ ತೋರಿಸಿದರೂ ನಮ್ಮ ಆಟಕ್ಕೆ ಸಾಕು. ಗದ್ದೆಗೆ ಒಂದೂವರೆ ಅಡಿ ಅಂದರೇನು ಅಂತ ನನಗೆ ಹೊಳೆಯಲೇ ಇಲ್ಲ.

ಚಪ್ಪಡಿ ಎತ್ತಿ, ಡಬ್ಬಿ ತೆಗೆದು ಅವರ ಕೈಗೆ ಕೊಟ್ಟೆ. ಎಲ್ಲ ಹೇಳಿದೆ. ಅವರು ಮುಚ್ಚಳ ತೆಗೆದು ನೋಡಿದರು.

"ಪುಸ್ತಕ, ಪೆನ್ಸಿಲ್ಲು. ಇಷ್ಟೇಯಾ?"

"ಇಷ್ಟೇ. ಫೋನ್ ನೋಡ್ಕೊಂಡು ಹುಡುಕ್ತಾರೆ, ಸಿಕ್ಕಿದ್ರೆ ಹೆಸರು ಬರೆದು ಮತ್ತೆ ಅಲ್ಲೇ ಇಡ್ತಾರೆ."

"ಅಲ್ಲ ಮಾರಾಯ್ತಿ, ಅಲ್ಲೇ ಇಡದಾದ್ರೆ ಹುಡುಕದು ಎಂತಕ್ಕೆ?"

ಬೈಯುತ್ತಾರೆ ಅಂದುಕೊಂಡೆ. ಮನೆಗೆ ಕರೆದುಕೊಂಡು ಹೋಗಿ ಮಜ್ಜಿಗೆ ಕೊಡಿಸಿದರು. ಅವರ ಹೆಂಡತಿ ತುಂಗಮ್ಮ ಮಾತ್ರ ಲೋಟ ಕುಕ್ಕಿಟ್ಟು, "ಮಜ್ಜಿಗೆ ಕುಡ್ಕಂಡು ಹೋಗಿ ಇದೇ ಮಾತು ಲೋಕಪ್ಪನ ಮನೇಲಿ ಹೇಳು" ಅಂದರು.

ಹೇಳಿದೆ. ನಿಮ್ಮ ಜಗಲಿಯ ಮೇಲೆ ನಿಂತು, ನಿಮ್ಮಪ್ಪನ ಎದುರಿಗೇ. ನಿನ್ನ ನೀಲಿ ಚಪ್ಪಲಿ ಬಾಗಿಲಲ್ಲಿತ್ತು, ನೀನು ಮಾತ್ರ ಹೊರಗೆ ಬರಲಿಲ್ಲ. ನಿಮ್ಮಪ್ಪ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಕ್ಕರು. "ವೀರಬಸಪ್ಪ ಚೆನ್ನಾಗಿ ಪಾಠ ಮಾಡಿ ಕಳ್ಸಿದಾನೆ. ಆ ಕಲ್ಲು ಎತ್ತಕ್ಕೆ ನಾನೊಬ್ನೇ ಆಗಲ್ಲ. ನೀನು ಕಡ್ಡಿ ಇದ್ದಂಗೆ ಇದೀಯ, ನೀ ಎತ್ತಿದ್ಯಾ? ಹೋಗವ್ವಾ, ಕೊನೇ ಬಸ್ ತಪ್ಪಿಸ್ಕಬ್ಯಾಡ."

ಹತ್ತೊಂಬತ್ತನೇ ತಾರೀಕು ಗುರುವಾರ ಸರ್ವೇಯರ್ ಬರುತ್ತಾರಂತೆ. ಅಳತೆಯಾದರೆ ಕಲ್ಲು ತನ್ನ ಜಾಗಕ್ಕೆ ಹೋಗುತ್ತದೆ. ಆದರೆ ಅದನ್ನು ಸರಿಸಿದ್ದು ಯಾರೆಂದು ಸರಪಳಿ ಹಿಡಿದು ಅಳೆಯೋಕಾಗುತ್ತದೆಯೇ? ವೀರಬಸಪ್ಪನವರ ಹೆಸರಿಗೆ ಅಂಟಿದ್ದು ಅಂಟಿಕೊಂಡೇ ಇರುತ್ತದೆ. ಬದು ಒತ್ತಿದವನು ಅಂತ ಅನ್ನಿಸಿಕೊಂಡು ಅದೇ ಊರಲ್ಲಿ ಅವರು ಬದುಕಬೇಕು.

ಉಳಿದ ಡಬ್ಬಿಗಳನ್ನೂ ಒಂದೊಂದಾಗಿ ತೆಗೆಯುತ್ತೇನೆ. ಗ್ರೂಪಿಗೂ ಬೀಗ. ಬೇಜಾರಿಲ್ಲ, ದಣಿವು ಅಷ್ಟೇ. ನಿನ್ನ ಮೇಲೆ ಸಿಟ್ಟೂ ಇಲ್ಲ. ಅದಕ್ಕೂ ಶಕ್ತಿ ಬೇಕಲ್ಲ.

ನಿನ್ನ ಗೆಳತಿ,
ಮಮತಾ

ತಾ.ಕ.: ನಿಮ್ಮಪ್ಪನೇ ಮೊದಲು ಒಡೆದು ಓದಿದರೆ ಅಂತ ಮೇಲೆ ಉದ್ದಕ್ಕೂ "ನಾನು, ನಾನು" ಅಂತಲೇ ಬರೆದೆ. ಜಗಲಿಯ ಮೇಲೂ ಹಾಗೇ ಹೇಳಿದೆ, ಅದಕ್ಕೇ ಯಾರೂ ನಂಬಲಿಲ್ಲ. ನಿನ್ನನ್ನು ಬಚ್ಚಿಡುವುದೂ ಸಾಕಾಯಿತು. ಆವತ್ತು ಹಾರೆಯಿಂದ ಮೀಟಿದವಳು ನಾನು. ಆ ಕಡೆಯಿಂದ ಕಲ್ಲನ್ನು ತಬ್ಬಿ ಎತ್ತಿ, ಮೊಣಕೈ ತರಚಿಕೊಂಡು, "ನಮ್ಮಪ್ಪಂಗೆ ಗೊತ್ತೂ ಆಗಲ್ಲ ಬಿಡೇ" ಅಂತ ನಕ್ಕವಳು ನೀನು. ಸರ್ವೇಯರ್ ಬರುವ ಗುರುವಾರ ಹತ್ತು ಗಂಟೆಗೆ ನಾನು ಆ ಮೂಲೆಯಲ್ಲಿ ಇರುತ್ತೇನೆ. ಎಲ್ಲರ ಎದುರಿಗೆ ನೀನೂ ಬಂದು ಆ ಕಲ್ಲಿಗೆ ಕೈ ಹಚ್ಚುತ್ತೀಯೋ, ಇಲ್ಲ ವೀರಬಸಪ್ಪನವರು ಕಳ್ಳ, ನಾನು ಸುಳ್ಳುಬುರುಕಿ ಅಂತಲೇ ಬಿಟ್ಟುಬಿಡುತ್ತೀಯೋ?